ಗಿರಿಯಪ್ಪನ ಹೊಸ ನಳಿಗೆ

ಗಿರಿಯಪ್ಪನಿಗೆ ಬಂದೂಕು ಕಂಡರೆ ಅಂಜಿಕೆ. ಆದರೆ ಊರಿನಲ್ಲಿ ಬಂದೂಕಿನ ಲೈಸನ್ಸು ಇದ್ದದ್ದು ಅವನೊಬ್ಬನಿಗೇ.

ಕಾಗಿನೆಲೆಯಿಂದ ಬ್ಯಾಡಗಿ ಕಡೆ ಬರುವಾಗ ಡಾಂಬರು ರಸ್ತೆ ಬಿಟ್ಟು ಒಳಗೆ ನಡೆದರೆ ಅವನ ಊರು ಸಿಗುತ್ತದೆ. ಒಂದು ಕಡೆ ಕುರುಚಲು ಕಾಡಿನ ಗುಡ್ಡ, ಇನ್ನೊಂದು ಕಡೆ ಗೋವಿನಜೋಳದ ಹೊಲ. ಗುಡ್ಡದಲ್ಲಿ ಹಂದಿ ಇದ್ದವು. ಹೊಲದಲ್ಲಿ ತೆನೆ ಇದ್ದವು. ಹಿಂದಿನಿಂದಲೂ ಊರಿನ ಜಗಳವೆಲ್ಲ ಅದರದೇ.

ಲೈಸನ್ಸು ಅವನ ಅಪ್ಪ ದುರಗಪ್ಪನದು. ದುರಗಪ್ಪನ ಹತ್ತಿರ ಕೊಳವೆಯಂಥ ನಳಿಗೆಯ ಬಾಯಿಂದ ಮದ್ದು ಜಡಿದು ಹೊಡೆಯುವ ಹಳೆಯ ಬಂದೂಕು ಇತ್ತು. ಮದ್ದು ತುಂಬಿ ಪಡಸಾಲೆಯ ಗೂಟಕ್ಕೆ ನೇತುಹಾಕುತ್ತಿದ್ದ. ಹಂದಿ ಬಂದವು ಎಂದು ಯಾರಾದರೂ ಕೂಗಿದರೆ ಹಾಗೇ ಎತ್ತಿಕೊಂಡು ಓಡುತ್ತಿದ್ದ. ಗಿರಿಯಪ್ಪನ ಮದುವೆಯಾದ ವರ್ಷ, ದಸರೆಯ ಹೊತ್ತಿಗೆ, ಒಂದು ಸಂಜೆ ಹಾಗೇ ಓಡಿದ. ಸ್ವಲ್ಪ ಹೊತ್ತಿಗೆ ಹೊಲದ ಕಡೆಯಿಂದ ಸಪ್ಪಳ ಬಂತು. ದಿನಾ ಕೇಳುವ ಸಪ್ಪಳ ಅಲ್ಲ ಅದು. ಹಸಿ ಬಿದಿರು ಸೀಳಿದ ಹಾಗಿತ್ತು. ಗಿರಿಯಪ್ಪ ಬಾಗಿಲಿಗೆ ಬರುವಷ್ಟರಲ್ಲಿ ದುರಗಪ್ಪ ಎಡಗೈಗೆ ಟಾವೆಲ್ ಸುತ್ತಿಕೊಂಡು ನಡೆದು ಬರುತ್ತಿದ್ದ. ನಳಿಗೆ ಒಡೆದಿತ್ತು. ಎಡಗೈಯ ಮೂರು ಬೆರಳು ಹೊಲದಲ್ಲೇ ಉಳಿದಿದ್ದವು.

ಗಿರಿಯಪ್ಪನ ತಾಯಿ ಫಕ್ಕೀರವ್ವ ದೇವರ ಜಗಲಿಗೆ ಓಡಿ ದೇವರಗುಡ್ಡದ ಭಂಡಾರ, ಪ್ರಸಾದದ ಅರಿಷಿಣಪುಡಿ, ತಂದು ಗಾಯಕ್ಕೆ ಒತ್ತಿದಳು. ಹಳದಿ ಪುಡಿ ನೋಡನೋಡುತ್ತ ಕೆಂಪಾಯಿತು. ಮತ್ತೆ ಒತ್ತಿದಳು, ಮತ್ತೆ ಕೆಂಪಾಯಿತು. ಗಿರಿಯಪ್ಪನ ಕಣ್ಣಿನಲ್ಲಿ ಉಳಿದದ್ದು ಅದು. ಬಂದೂಕು ಎಂದು ಯಾರಾದರೂ ಅಂದರೆ ಅವನಿಗೆ ಮೊದಲು ಕಾಣುತ್ತಿದ್ದದ್ದು ಆ ಹಳದಿ ಕೆಂಪಾಗುವುದು.

ದುರಗಪ್ಪ ಆಮೇಲೂ ಬಹಳ ವರ್ಷ ಬದುಕಿದ. ಉಳಿದ ಎರಡು ಬೆರಳಿನಲ್ಲೇ ಎತ್ತಿನ ಕೊರಳಿಗೆ ಜೊತ್ತಿಗೆ ಕಟ್ಟುತ್ತಿದ್ದ. ಕೇಳಿದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ: "ಮದ್ದು ಒಂದ್ ಚಿಟಿಕಿ ಜಾಸ್ತಿ ಆತು. ನಂದ ತಪ್ಪು." ಆಮೇಲೆ ಜ್ವರ ಬಂದು ಹೋದ. ಲೈಸನ್ಸು ಮಗನ ಹೆಸರಿಗೆ ಬಂತು. ಗಿರಿಯಪ್ಪ ಅದನ್ನು ಟ್ರಂಕಿನ ತಳದಲ್ಲಿ ಇಟ್ಟು ಮೇಲೆ ಹೆಂಡತಿಯ ಸೀರೆ ಹೇರಿದ.

ತೊಂಬತ್ತೊಂದರ ಮಳೆಗಾಲದಲ್ಲಿ ಹೊಲ ಕಾಯಲು ಕುಂತಿದ್ದ ಮುದುಕ ತಿರಕಪ್ಪನ ತೊಡೆಯನ್ನು ಹಂದಿಯೊಂದು ಸೀಳಿತು. ತಿರಕಪ್ಪ ಹಾವೇರಿ ದವಾಖಾನೆಯಿಂದ ಕೋಲು ಹಿಡಿದು ಬಂದ. ಅವತ್ತೇ ಊರ ಹಿರಿಯರು ಅವನನ್ನೂ ಕರೆದುಕೊಂಡು ಗಿರಿಯಪ್ಪನ ಕಟ್ಟೆಗೆ ಬಂದು ಕುಂತರು.

"ಲೈಸನ್ಸ್ ಇಟಗೊಂಡು ಸೀರಿ ಕೆಳಗ ಮುಚ್ಚಿದರ ಹೆಂಗಪಾ? ಕೊಲ್ಲಂತ ಯಾರೂ ಹೇಳೂದಿಲ್ಲ. ಬದುವಿಗೆ ಒಂದ್ ಗುಂಡು ಹಾರಸು. ಸಪ್ಪಳಕ್ಕ ಓಡಿ ಹೋಗತಾವು. ಇಲ್ಲಾಂದ್ರ ನಾಳೆ ಇನ್ನೊಬ್ಬಾಂವ ಸಾಯ್ತಾನ," ಎಂದರು.

ಗಿರಿಯಪ್ಪ ತಿರಕಪ್ಪನ ಕೋಲು ನೋಡಿದ. ಹೂಂ ಎಂದ.

ಹಾವೇರಿಯಲ್ಲಿ ಕಾಸೀಮಸಾಬ ಎಂಬ ಮುದುಕ ಇದ್ದ. ಹೊಲಿಗೆ ಮಷಿನ್, ಬೀಗ, ಬಂದೂಕು ಮೂರನ್ನೂ ರಿಪೇರಿ ಮಾಡುತ್ತಿದ್ದ. ಬಂದೂಕಿಗೆ ಸರಕಾರದ ಪರವಾನಗಿ ಇದ್ದವನು. ಅವನ ಅಂಗಡಿಯಲ್ಲಿ ಒಂದು ಹಳೆಯ ರೈಫಲ್ಲು ಗಿರಿಯಪ್ಪನಿಗೆ ಸಿಕ್ಕಿತು. ಕಟ್ಟಿಗೆಯ ಹಿಡಿಕೆ ಗಟ್ಟಿ ಇತ್ತು, ನಳಿಗೆ ಸವೆದಿತ್ತು. ಕಾಸೀಮಸಾಬ ಹೊಸ ನಳಿಗೆ ತರಿಸಿ ಕೂರಿಸಿದ. ಕರಿಕಲ್ಲು ತೊಳೆದಂತೆ ಮಿಂಚುತ್ತಿತ್ತು.

"ಇನ್ನೇನ ಕಾಕಾ, ತಗೊಂಡು ಹೋಗ್ಲಾ?" ಎಂದ ಗಿರಿಯಪ್ಪ. ಹಾಗೇ ಬಿಟ್ಟು ಹೋಗು ಎಂದಿದ್ದರೂ ಖುಷಿಪಡುತ್ತಿದ್ದ.

"ತಡೀ ತಮ್ಮಾ. ಪಳಗದ ಹೋರಿ ಇದು. ಮೊದಲ ದಿನಾನ ಭಾರದ ಗಾಡಿ ಕಟ್ತಾರೇನು? ಒಂದು ಗುಂಡು ಹೊಡಿ, ಒರಸು. ಮತ್ತೊಂದು ಹೊಡಿ, ಒರಸು. ಹೊಸಾ ಕಬ್ಬಿಣದ ಒಳಗ ಕಣ್ಣಿಗೆ ಕಾಣಲಾರದ ಮುಳ್ಳು ಇರತಾವು. ಗುಂಡಿನ ತಾಮ್ರ ಅದಕ್ಕ ಹತ್ತಗೊಂಡು ಕುಂದರತೈತಿ. ತಗೀಲಿಲ್ಲಂದ್ರ ಜೀವಮಾನ ಪೂರ್ತಿ ಡೊಂಕ ಹೊಡೀತೈತಿ."

ಕಲ್ಲು ತೆಗೆದು ಬಿಟ್ಟಿದ್ದ ಒಂದು ಕ್ವಾರಿಗೆ ಅವನನ್ನು ಕರೆದುಕೊಂಡು ಹೋದ. ಗಿರಿಯಪ್ಪನ ಮುಖ ನೋಡಿಯೇ ಮುದುಕನಿಗೆ ಅವನ ಅಂಜಿಕೆ ತಿಳಿದಿತ್ತು. ಮೊದಲ ಗುಂಡಿಗೆ ರೈಫಲ್ಲನ್ನು ಲಾರಿಯ ಹಳೇ ಟೈರಿಗೆ ಬಿಗಿದು, ಗುಂಡು ಹಾರಿಸಲು ಬೆರಳಿಂದ ಎಳೆಯುವ ಕುದುರೆಗೆ ಹುರಿ ಕಟ್ಟಿ, ಬಂಡೆಯ ಹಿಂದೆ ಕೂತು ಎಳೆದ. ಸಿಡಿಲು ಬಡಿದಂತಾಯಿತು. ಗಿರಿಯಪ್ಪ ಎಡಗೈಯನ್ನು ಬಗಲಲ್ಲಿ ಒತ್ತಿ ಹಿಡಿದುಕೊಂಡಿದ್ದ. ಎದ್ದು ನೋಡಿದರೆ ನಳಿಗೆ ಹಾಗೇ ಇತ್ತು.

"ನೋಡ್ದಿ? ಇನ್ನ ನೀ ಹೊಡಿ."

ಹೊಡೆದ. ಕಣ್ಣು ಮುಚ್ಚಿದ್ದ.

"ಕಣ್ಣ ತಗಿಯೋ ಮಾರಾಯಾ! ಬಂದೂಕಿಗಂತೂ ಕಣ್ಣಿಲ್ಲ. ನಿನಗರ ಇರಲಿ."

ಒರೆಸುವುದನ್ನು ಕಲಿಸಿದ. ಹಿಂದಿನ ಬೋಲ್ಟು ಎಳೆದು ತೆಗೆದರೆ ನಳಿಗೆ ಎರಡೂ ಕಡೆ ತೆರೆಯುತ್ತದೆ. ಹಿಂದಿನಿಂದ ಸರಳು ಹಾಕಬೇಕು. ಸರಳಿನ ತುದಿಗೆ ಹಳೇ ಧೋತರದ ತುಂಡು. ಅದನ್ನು ಒಂದು ಕರಿ ಬಾಟಲಿಯ ನೀರಿನಲ್ಲಿ ಅದ್ದಬೇಕು. ಮುಚ್ಚಳ ತೆಗೆದರೆ ಮೂಗಿಗೆ ಗುದ್ದಿದಂತೆ ವಾಸನೆ, ಕಣ್ಣಲ್ಲಿ ನೀರು. ಅರಿವೆ ನೀಲಿಯಾಗಿ ಹೊರಗೆ ಬಂದರೆ ತಾಮ್ರ ಇನ್ನೂ ಇದೆ ಎಂದು ಅರ್ಥ. ಬೆಳ್ಳಗೆ ಬರುವ ತನಕ ಎಳೆಯಬೇಕು. ಆಮೇಲೆ ಒಣ ಅರಿವೆ, ಆಮೇಲೆ ಮಷಿನ್ ಎಣ್ಣೆ.

"ಹೊಡಿಯೂಕಿಂತ ಮೊದ್ಲು ಬೋಲ್ಟ್ ತಗದು ಬೆಳಕು ನೋಡು," ಎಂದ ಕಾಸೀಮಸಾಬ. "ಆ ತುದಿಗೆ ಹುಣ್ಣಿವಿ ಚಂದ್ರನಂಗ ದುಂಡಗ ಕಾಣಬೇಕು. ಒಳಗ ಒಂದು ಅರಿವಿ ತುಣುಕು ಸಿಕ್ಕೊಂಡಿದ್ದರೂ ಸಾಕು, ನಳಗಿ ಬಾಳಿಹಣ್ಣಿನ ಸಿಪ್ಪಿ ಬಿಚ್ಚಿದಂಗ ಬಿಚ್ಚಿಕೋತೈತಿ. ಆಗ ಕೈ ಇರೂದಿಲ್ಲ, ಮಾರೀನೂ ಇರೂದಿಲ್ಲ."

ಆ ಮಾತು ಹೇಳದೇ ಇದ್ದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಗಿರಿಯಪ್ಪನಿಗೆ. ಬಸ್ಸಿನಲ್ಲಿ ರೈಫಲ್ಲನ್ನು ಚಾದರದಲ್ಲಿ ಸುತ್ತಿ ಮಂಡಿಯ ನಡುವೆ ಇಟ್ಟುಕೊಂಡು ಬರುವಾಗ ಎಡಗೈಯ ಬೆರಳುಗಳನ್ನು ಮತ್ತೆ ಮತ್ತೆ ಮಡಚಿ ನೋಡುತ್ತಿದ್ದ.

ಊರಿಗೆ ಬಂದ ಮೇಲೆ ಕೆಲವು ದಿನ ಗುಡ್ಡದ ಬುಡಕ್ಕೆ ಹೋಗಿ ಒಂದೊಂದು ಗುಂಡು ಹೊಡೆದ. ಹೊಡೆದದ್ದಕ್ಕಿಂತ ಒರೆಸಿದ್ದೇ ಹೆಚ್ಚು. ಕಟ್ಟೆಯ ಮೇಲೆ ಕುಂತು ಸರಳು ಎಳೆಯುತ್ತಿದ್ದ. ಅರಿವೆ ಬೆಳ್ಳಗೆ ಬಂದರೂ ಬಿಡುತ್ತಿರಲಿಲ್ಲ. ಒರೆಸುವ ತನಕ ಹೊಡೆಯಬೇಕಾಗಿಲ್ಲವಲ್ಲ.

ಬಾಜೂ ಹೊಲದ ಹೇಮಪ್ಪ ಅವನ ಓರಗೆಯವನು. ಬಾಯಿ ಸುಮ್ಮನಿರದ ಆಸಾಮಿ. "ಏನೋ ಗಿರ್ಯಾ, ನಳಗಿ ತಿಕ್ಕಿ ತಿಕ್ಕಿ ದಬ್ಬಣ ಮಾಡ್ತೀಯೇನು? ಹಂದಿಗೂಳು ಕೇಳಾಕತ್ತಾವು, ಗಿರಿಯಪ್ಪಣ್ಣ ಜಳಕಾ ಮಾಡಿಸೂದು ಮುಗೀತೇನು ಅಂತ," ಎನ್ನುತ್ತಿದ್ದ. ಕಟ್ಟೆ ಮೇಲಿನವರು ನಗುತ್ತಿದ್ದರು. ಗಿರಿಯಪ್ಪ ತಲೆ ಎತ್ತುತ್ತಿರಲಿಲ್ಲ.

ನಗದೇ ಇದ್ದವಳು ಫಕ್ಕೀರವ್ವ ಒಬ್ಬಳೇ. ಆಕೆ ಒಳಬಾಗಿಲ ಕಂಬ ಹಿಡಿದು ನಿಂತು ಮಗನ ಎಡಗೈಯನ್ನು ನೋಡುತ್ತಿದ್ದಳು. ಗುಂಡಿನ ಸಪ್ಪಳ ಕೇಳಿದ ದಿನ ಅವನು ತಿರುಗಿ ಬರುವ ತನಕ ಹೊಸ್ತಿಲ ಮೇಲಿಂದ ಏಳುತ್ತಿರಲಿಲ್ಲ. ಬಂದ ಕೂಡಲೇ ಕೈ ಹಿಡಿದು ತಿರುವಿ ನೋಡುತ್ತಿದ್ದಳು. ಬಿಡುತ್ತಿದ್ದಳು.

ದಸರೆ ಬಂತು. ಖಂಡೇಪೂಜೆಯ ದಿನ ಮನೆಯಲ್ಲಿದ್ದ ಕಬ್ಬಿಣವೆಲ್ಲ ಮೈ ತೊಳೆದುಕೊಂಡು ಜಗಲಿಯ ಮುಂದೆ ಸಾಲಾಗಿ ಕುಂತಿತು. ನೇಗಿಲಿನ ಕುಳ, ಕುಡುಗೋಲು, ಹಾರೆ, ಕೊಡಲಿ, ಈಳಿಗೆ. ಗಿರಿಯಪ್ಪ ರೈಫಲ್ಲನ್ನೂ ಒರೆಸಿ ಎಣ್ಣೆ ಹಚ್ಚಿ ಬೆಳಕು ನೋಡಿ ಗೋಡೆಗೆ ಆನಿಸಿ ನಿಲ್ಲಿಸಿದ. ಅವನ ಹೆಂಡತಿ ಜಯವ್ವ ಎಲ್ಲಕ್ಕೂ ವಿಭೂತಿ ಎಳೆದು ಕುಂಕುಮ ಹಚ್ಚಿ ಚೆಂಡುಹೂವು ಇಟ್ಟಳು. ಆ ದಿನ ಯಾವ ಆಯುಧವನ್ನೂ ಮುಟ್ಟುವ ಹಾಗಿಲ್ಲ. ಮರುದಿನ ಬನ್ನಿ ಹಂಚುವ ತನಕ ಅವು ದೇವರು. ಗಿರಿಯಪ್ಪ ಹೋಳಿಗೆ ಉಂಡು ನೆಮ್ಮದಿಯಿಂದ ಮಲಗಿದ. ಬಂದೂಕು ಮನೆಗೆ ಬಂದ ಮೇಲೆ ಅಂಥ ನಿದ್ದೆ ಅವನಿಗೆ ಹತ್ತಿರಲಿಲ್ಲ.

ಬನ್ನಿಯ ಮರುದಿನ ಸೂರ್ಯ ಹುಟ್ಟಿದ್ದನಷ್ಟೇ, ಹೇಮಪ್ಪ ಓಡಿ ಬಂದ.

"ಗಿರ್ಯಾ, ಏಳೋ! ಹಂದಿ ಹಿಂಡು ತಿರಕಪ್ಪನ ಹೊಲಾ ಹೊಕ್ಕೈತಿ. ಮುದುಕ ಗುಡಸಲದಾಗ ಸಿಕ್ಕೊಂಡು ಒದರಾಕತ್ತಾನ. ಈ ಸಲ ಬಿಡೂದಿಲ್ಲ ಅವು ಅಂವನ್ನ!"

ಗಿರಿಯಪ್ಪ ಜಗಲಿಯ ಮುಂದಿದ್ದ ರೈಫಲ್ಲು ಎತ್ತಿಕೊಂಡ. ಚೆಂಡುಹೂವು ಉದುರಿತು. ಒರೆಸುವ ಚೀಲ ಹೆಗಲಿಗೆ ಹಾಕಿಕೊಂಡ. ಹೇಮಪ್ಪ "ಆ ಚೀಲ ಯಾಕೋ ಈಗ?" ಎಂದು ಬೈಯುತ್ತಲೇ ಮುಂದೆ ಓಡಿದ.

ಬದುವಿನ ಮೇಲೆ ನಿಂತರೆ ಗೋವಿನಜೋಳದ ದಂಟು ಅಲ್ಲಾಡುವುದು ಕಾಣುತ್ತಿತ್ತು. ನಡುವೆ ತಿರಕಪ್ಪನ ಗುಡಿಸಲು. ಅದರೊಳಗಿಂದ ಮುದುಕ ಡಬ್ಬಿ ಬಾರಿಸುತ್ತಿದ್ದ. ಹಂದಿಗಳಿಗೆ ಡಬ್ಬಿ ಎಂದೋ ರೂಢಿಯಾಗಿತ್ತು.

ಗಿರಿಯಪ್ಪ ಕಾಡತೂಸು ಹಾಕಿದ. ಬೋಲ್ಟು ಮುಚ್ಚಿದ. ಹಂದಿ ಇಲ್ಲದ ಕಡೆ, ಆಚೆಯ ಮಣ್ಣಿನ ದಿಬ್ಬಕ್ಕೆ ಗುರಿ ಹಿಡಿದ. ಎಡಗೈ ನಳಿಗೆಯ ಕೆಳಗೆ ಇತ್ತು. ಅಪ್ಪನ ಕೈಯೂ ಅಲ್ಲೇ ಇತ್ತು. ಬೆರಳು ಕುದುರೆಯ ಮೇಲೆ ಬಂತು.

ಬಂತು, ನಿಂತಿತು.

ಕಿವಿಯಲ್ಲಿ ಆ ಹಸಿ ಬಿದಿರಿನ ಸಪ್ಪಳ. ಬೆರಳಿಗೆ ಹೇಳಿದ, ಬೆರಳು ಕೇಳಲಿಲ್ಲ.

"ಹೊಡಿಯೋ! ಮುಹೂರ್ತ ನೋಡ್ತೀಯೇನು?"

"ಹೇಮಪ್ಪಾ... ಒಂದ್ ಸಲ ಒರಸ್ತೇನಿ."

"ಏನು?"

"ಒಂದ ಸಲ. ಜಗಲಿ ಮುಂದ ಇತ್ತು. ಧೂಳ ಕುಂತಿರತೈತಿ."

ಹೇಮಪ್ಪ ಎರಡೂ ಕೈಯಿಂದ ಹಣೆ ಬಡಿದುಕೊಂಡ. "ಅಲ್ಲಿ ಮುದುಕ ಸಾಯಾಕತ್ತಾನ, ಇಲ್ಲಿ ಇಂವಾ ಒರಸ್ತಾನಂತ! ನಿನ್ನ ಕೈಯಾಗ ಬಂದೂಕು ಕೊಟ್ಟವರಿಗೆ ಬುದ್ಧಿ ಇಲ್ಲ. ಕೊಡ ಇಲ್ಲೆ, ನಾ ಹೊಡೀತೇನಿ!"

ಅವನು ಕೈ ಚಾಚುವಷ್ಟರಲ್ಲಿ ಗಿರಿಯಪ್ಪ ಕಾಡತೂಸು ಹೊರಗೆಳೆದು ಜೇಬಿಗೆ ಹಾಕಿ, ಬೋಲ್ಟು ತೆಗೆದು ನೆಲಕ್ಕೆ ಕುಂತುಬಿಟ್ಟಿದ್ದ. ಬೆಳಕು ನೋಡುವ ನೆನಪೂ ಆಗಲಿಲ್ಲ. ಅವಸರದಲ್ಲಿ ಬಾಟಲಿಯ ನೀರು ಅರ್ಧ ಚೆಲ್ಲಿತು. ಅರಿವೆ ಅದ್ದಿ ಸರಳು ತೂರಿಸಿದ.

ಸರಳು ಸಲೀಸಾಗಿ ಹೋಯಿತು. ನಳಿಗೆಯ ಬಾಯಿ ಇನ್ನೊಂದು ಗೇಣಿದೆ ಎನ್ನುವಾಗ ನಿಂತಿತು.

ಒತ್ತಿದ. ಮೆತ್ತಗೆ ಏನೋ ತಡೆಯಿತು. ಗಾಬರಿಯಲ್ಲಿ ಸರಳು ಹಿಂದಕ್ಕೆ ಎಳೆದುಕೊಂಡ. ತುದಿಯ ಅರಿವೆ ಹೊರಗೆ ಬಂತು.

ನೀಲಿಯೂ ಇರಲಿಲ್ಲ, ಬಿಳಿಯೂ ಇರಲಿಲ್ಲ. ಕೆಂಪಗಿತ್ತು. ಹಸಿ ರಕ್ತದ ಹಾಗೆ ಕೆಂಪು.

ಹೇಮಪ್ಪ ಬಗ್ಗಿ ನೋಡಿದ. "ಗಿರ್ಯಾ, ನಳಗಿ ರಕ್ತ ಕಾರಾಕತ್ತೈತಿ!" ಎಂದವನೇ ಬದುವಿನಿಂದ ಜಿಗಿದು ಊರ ಕಡೆ ಕಾಲು ಕಿತ್ತ. ಅವನ ಒಂದು ಚಪ್ಪಲಿ ಅಲ್ಲೇ ಉಳಿಯಿತು.

ಗಿರಿಯಪ್ಪನಿಗೆ ಓಡಲೂ ಆಗಲಿಲ್ಲ. ಅರಿವೆ ನೋಡುತ್ತ ಕುಂತ. ಅಪ್ಪನ ಕೈಯ ರಕ್ತ ಇಷ್ಟು ವರ್ಷ ಎಲ್ಲಿ ಹೋಗಿತ್ತು, ಈ ಹೊಸ ನಳಿಗೆಯೊಳಗೆ ಹೇಗೆ ಬಂತು ಎಂದು ಅವನಿಗೆ ನಿಜಕ್ಕೂ ಅನ್ನಿಸಿತು.

ಗದ್ದಲ ಕೇಳಿ ಹಿಂದೆಯೇ ಓಡಿ ಬಂದ ಜಯವ್ವ ದಾರಿಯಲ್ಲಿ ಹೇಮಪ್ಪನನ್ನು ದಾಟಿ ಬಂದಿದ್ದಳು. ಗಂಡನ ಕೈ ಎರಡೂ ಹಿಡಿದು ನೋಡಿದಳು. ಬೆರಳು ಎಲ್ಲವೂ ಇದ್ದವು. ಆಮೇಲೆ ಅರಿವೆ ಕಸಿದುಕೊಂಡಳು. ಮೂಸಿದಳು, ಬಾಟಲಿಯ ಘಾಟಿಗೆ ಕೆಮ್ಮಿದಳು, ಉಗುರಿನಿಂದ ಕೆರೆದಳು.

"ರಕ್ತ ಎಲ್ಲೈತ್ರಿ ಇದರಾಗ? ಅರಿಷಿಣರಿ ಇದು."

"ಕೆಂಪೈತಲ್ಲಾ..." ಎಂದ ಗಿರಿಯಪ್ಪ.

"ಅರಿಷಿಣಕ್ಕ ಸುಣ್ಣಾ ಹಾಕಿದ್ರ ಆರತಿ ನೀರು ಏನಾಗತೈತಿ? ಕೆಂಪ ಆಗೂದಿಲ್ಲೇನ್ರಿ? ಲಗ್ನದಾಗ ದೃಷ್ಟಿಗಂತ ಇಳೇ ತಗದದ್ದು ಮರತೀರೇನು? ನಿಮ್ಮ ಬಾಟ್ಲಿ ನೀರು ಸುಣ್ಣದ ಕೆಲಸಾ ಮಾಡೇತಿ."

ಆಗ ಗಿರಿಯಪ್ಪ ನಳಿಗೆಯನ್ನು ಕಣ್ಣಿಗೆ ಹಿಡಿದ. ಚಂದ್ರ ಇರಲಿಲ್ಲ. ಕಗ್ಗತ್ತಲು. ಸರಳು ಮತ್ತೆ ಹಾಕಿ ಗಟ್ಟಿಯಾಗಿ ನೂಕಿದ. ನಳಿಗೆಯ ಬಾಯಿಂದ ದೀಪದ ಬತ್ತಿಯಂತೆ ಹೊಸೆದ ಒಂದು ಅರಿವೆ ಸುರುಳಿ ಹೊರಬಂದು ಮಣ್ಣಿಗೆ ಬಿತ್ತು. ಬಿಚ್ಚಿದರೆ ಒಳಗೆ ಭಂಡಾರ. ದೇವರಗುಡ್ಡದ ಮಾಲತೇಶನ ಭಂಡಾರ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆ ಮನೆಯಲ್ಲಿ ಅಷ್ಟು ಸಣ್ಣ ಬತ್ತಿ ಹೊಸೆಯುವವರು ಒಬ್ಬರೇ ಇದ್ದರು.

ಗಿರಿಯಪ್ಪ ಬತ್ತಿಯನ್ನು ಜೇಬಿಗೆ ಹಾಕಿಕೊಂಡ. ಕುದುರೆ ಎಳೆದಿದ್ದರೆ? ಹೇಮಪ್ಪ ಕಸಿದುಕೊಂಡು ಎಳೆದಿದ್ದರೆ? ಅತ್ತ ತಿರಕಪ್ಪನ ಡಬ್ಬಿಯ ಸಪ್ಪಳ ಕುಂಟುತ್ತಿತ್ತು. ಮುದುಕನಿಗೆ ಕೈ ಸೋತಿತ್ತು. ಗಿರಿಯಪ್ಪ ಒಣ ಅರಿವೆ ಎಳೆದ. ಬೆಳಕು ನೋಡಿದ. ದುಂಡಗೆ ಕಂಡಿತು. ಮತ್ತೆ ನೋಡಿದ. ಜಯವ್ವನಿಗೂ ತೋರಿಸಿದ.

"ಕಾಣತೈತ್ರಿ," ಎಂದಳು ಆಕೆ.

"ನೀ ದೂರ ಹೋಗು."

"ನಾ ಇಲ್ಲೇ ಇರತೇನಿ. ಹೊಡೀರಿ."

ದಿಬ್ಬಕ್ಕೆ ಗುರಿ ಹಿಡಿದು ಹೊಡೆದ. ಕಣ್ಣು ಮುಚ್ಚಲಿಲ್ಲ. ಹೊಲವೆಲ್ಲ ಒಮ್ಮೆ ಅದುರಿತು. ದಂಟು ಮುರಿಯುತ್ತ ಹಂದಿಗಳು ಗುಡ್ಡದ ಕಡೆ ಗಾಳಿಯಾದವು. ಗುಡಿಸಲಿನಿಂದ ತಿರಕಪ್ಪ ಹೊರಬಂದು, ಕೋಲು ಎತ್ತಿ, "ಇಷ್ಟೊತ್ತು ಏನ ಮಾಡ್ತಿದ್ದೆಲೇ?" ಎಂದು ಕೂಗಿದ. ಗಿರಿಯಪ್ಪ ಎಡಗೈ ಎತ್ತಿ ಬಿಸಿಲಿಗೆ ಹಿಡಿದು ಬೆರಳು ನೋಡಿಕೊಳ್ಳುತ್ತಿದ್ದ.

ದಾರಿಯಲ್ಲಿ ಜಯವ್ವ ಕೇಳಿದಳು: "ನಿಮ್ಮವ್ವಗ ಹೇಳತೀರೇನು?"

ಹೇಳದಿದ್ದರೆ ಬರುವ ವರ್ಷ ಮತ್ತೆ ಇಡುತ್ತಾಳೆ. ಹೇಳಲೇಬೇಕಿತ್ತು. ಹೇಗೆ ಎಂದು ಯೋಚಿಸುತ್ತಲೇ ಮನೆ ಬಂತು.

ಫಕ್ಕೀರವ್ವ ಹೊಸ್ತಿಲ ಮೇಲೆ ಇದ್ದಳು. ಕೈ ಹಿಡಿದಳು, ತಿರುವಿದಳು, ಬಿಟ್ಟಳು. ಗಿರಿಯಪ್ಪ ಪಕ್ಕದಲ್ಲಿ ಕುಂತ. ಜೇಬಿನಿಂದ ಬತ್ತಿ ತೆಗೆದು ಆಕೆಯ ಮಡಿಲಲ್ಲಿ ಇಟ್ಟ.

"ಯವ್ವಾ, ಮಾಲತೇಶಪ್ಪಗ ನಳಗಿ ಒಳಗ ಉಸುರು ಕಟ್ಟತೈತಿ. ಹೊರಗ ಕುಂದರಸೂಣು. ಹೆಗಲಿಗೆ ಹಾಕೂ ಪಟ್ಟಿಗೆ ಕಟ್ಟಿ ಕೊಡು."

ಆಕೆ ಬತ್ತಿಯ ಕೆಂಪು ತುದಿ ನೋಡಿದಳು. "ಎಲ್ಲಾರೂ ಉಂಡು ಅಡ್ಡಾಗಿದ್ರಿ. ತೊಗರಿ ಕಟಗಿಲೆ ನೂಕಿದ್ನಿ. ದೇವರು ಒಳಗ ಕುಂತ್ರ ಬಂದೂಕು ನಿನ್ನ ಮ್ಯಾಲೆ ತಿರುಗೂದಿಲ್ಲ ಅಂತ." ಬತ್ತಿಯನ್ನು ಬೆರಳಲ್ಲಿ ಹೊರಳಿಸಿದಳು. "ಯಾಕ, ಒಡೀತಿತ್ತೇನು?"

ಗಿರಿಯಪ್ಪ ಸುಳ್ಳು ಹೇಳಲಿಲ್ಲ. ಹೌದೆಂದು ತಲೆಯಾಡಿಸಿದ.

ಮುದುಕಿ ಬತ್ತಿಯಿಂದ ಕಣ್ಣು ತೆಗೆದು ಪಡಸಾಲೆಯ ಗೋಡೆ ನೋಡಿದಳು. ಅಲ್ಲಿ ದುರಗಪ್ಪನ ಬಂದೂಕು ತೂಗುತ್ತಿದ್ದ ಗೂಟ ಇನ್ನೂ ಇತ್ತು. ಅದರ ಮೇಲೆ ಈಗ ಜಯವ್ವ ಜರಡಿ ನೇತುಹಾಕುತ್ತಿದ್ದಳು.

"ಗಿರ್ಯಾ," ಎಂದಳು. ದನಿ ಸಣ್ಣಗಾಗಿತ್ತು. "ನಿಮ್ಮಪ್ಪನ ಬಂದೂಕೂ ಖಂಡೇಪೂಜಿ ಆದ ಮ್ಯಾಲ ಒಡೀತು. ಆವಾಗೂ ನಾನು ಬತ್ತಿ..."

ಗಿರಿಯಪ್ಪನಿಗೆ ಬದುವಿನ ಮೇಲೆ ಅಂಜಿದ್ದೆಲ್ಲ ಇದರ ಮುಂದೆ ಏನೂ ಅಲ್ಲ ಎನ್ನಿಸಿತು. ಆಗ ಕೈ ಹೋಗುತ್ತದೆ ಎಂದು ಅಂಜಿದ್ದ. ಈಗ ತಾಯಿಯ ಬಾಯಿಂದ ಇನ್ನೊಂದು ಮಾತು ಹೊರಬಿದ್ದರೆ ಆಕೆಯೇ ಹೋಗುತ್ತಾಳೆ ಎನ್ನಿಸಿತು. ಮದ್ದು ಜಾಸ್ತಿಯಾಗಿತ್ತೋ, ಬತ್ತಿ ಸಿಕ್ಕಿತ್ತೋ, ಈಗ ಯಾರು ಹೇಳಬೇಕು? ಒಡೆದ ಬಂದೂಕನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ಎಷ್ಟೋ ಕಾಲವಾಗಿತ್ತು.

"ಇಲ್ಲಬೇ," ಎಂದ, ಆಕೆ ಮುಗಿಸುವ ಮೊದಲೇ. "ಅಪ್ಪಾ ಮದ್ದು ಜಾಸ್ತಿ ಹಾಕಿದ್ದ. ಎಲ್ಲಾರ ಮುಂದೂ ಅಂವನ ಹೇಳತಿದ್ದ. ಒಂದ್ ಚಿಟಿಕಿ ಜಾಸ್ತಿ ಆತು, ನಂದ ತಪ್ಪು ಅಂತ. ನೀನೂ ಕೇಳೀಯಲ್ಲ."

"ಹೇಳತಿದ್ದ," ಎಂದಳು ಫಕ್ಕೀರವ್ವ.

"ಮತ್ತ?"

"ನನ್ನ ಮುಂದ ಹೇಳುವಾಗ ಬ್ಯಾರೇ ಕಡೆ ನೋಡತಿದ್ದ."

ಜಯವ್ವ ಒಳಗಿನಿಂದ ಹಿಟ್ಟಿನ ಕೈಯಲ್ಲೇ ಬಂದು ಅತ್ತೆಯನ್ನು ಎಬ್ಬಿಸಿ ಒಳಗೆ ಕರೆದೊಯ್ದಳು. ಆ ದಿನ ಮುದುಕಿ ಊಟ ಮಾಡಲಿಲ್ಲ. ಸಂಜೆ ತಾನಾಗಿಯೇ ಎದ್ದು ರೈಫಲ್ಲಿನ ಚರ್ಮದ ಪಟ್ಟಿಗೆ ಬತ್ತಿಯನ್ನು ದಾರದಿಂದ ಬಿಗಿದಳು. ಹಲ್ಲಿಲ್ಲದ ಬಾಯಿಂದಲೇ ದಾರ ಕಚ್ಚಿ ಗಂಟು ಹಾಕಿದಳು.

ಊರಿನಲ್ಲಿ ಹೇಮಪ್ಪ ತನ್ನ ಓಟದ ಕತೆಯನ್ನು ಬೇರೆ ರೀತಿ ಹೇಳುತ್ತಿದ್ದ. ಚಪ್ಪಲಿ ಮಾತ್ರ ಗಿರಿಯಪ್ಪನ ಮನೆಯಿಂದಲೇ ಒಯ್ಯಬೇಕಾಯಿತು. ಆಮೇಲೆ ಗಿರಿಯಪ್ಪ ಎಷ್ಟು ಒರೆಸಿದರೂ ಅವನು ದಬ್ಬಣದ ಮಾತು ಎತ್ತಲಿಲ್ಲ.

ಗಿರಿಯಪ್ಪನ ಅಂಜಿಕೆ ಹೋಗಲಿಲ್ಲ. ಹಂದಿ ಬಂದಾಗ ಬದುವಿಗೆ ಹೋದ, ದಿಬ್ಬಕ್ಕೆ ಹೊಡೆದ, ಬಂದು ಒರೆಸಿದ. ನಳಿಗೆ ಪಳಗಿತು, ಅರಿವೆ ಬೇಗ ಬೆಳ್ಳಗೆ ಬರತೊಡಗಿತು. ಅವನು ಮಾತ್ರ ಪಳಗಲಿಲ್ಲ. ಪ್ರತಿ ಸಲ ಬೆರಳು ಕುದುರೆಯ ಮೇಲೆ ಒಮ್ಮೆ ನಿಂತೇ ಮುಂದೆ ಹೋಗುತ್ತಿತ್ತು.

ಹೊರಡುವ ಮುಂಚೆ ಮನೆಯಲ್ಲಿ ಒಂದು ರೂಢಿ ಬೆಳೆಯಿತು. ಬೋಲ್ಟು ತೆಗೆದು ಅವನು ಮೊದಲು ನೋಡುತ್ತಿದ್ದ. ಆಮೇಲೆ ಫಕ್ಕೀರವ್ವ ಕೈ ಚಾಚುತ್ತಿದ್ದಳು. ಬರಬರುತ್ತ ಆಕೆಯ ಕಣ್ಣಿಗೆ ಪೊರೆ ಬಂತು. ಒಲೆಯ ಮುಂದೆ ಕುಂತವರು ಯಾರು ಎಂದೂ ತಿಳಿಯುತ್ತಿರಲಿಲ್ಲ. ಆದರೂ ಗಿರಿಯಪ್ಪ ನಳಿಗೆಯನ್ನು ಬಾಗಿಲ ಬೆಳಕಿಗೆ ತಿರುಗಿಸಿ ಆಕೆಯ ಕಣ್ಣಿಗೆ ಹಿಡಿಯುತ್ತಿದ್ದ. ಆಕೆ ಬಹಳ ಹೊತ್ತು ನೋಡುತ್ತಿದ್ದಳು.

"ದುಂಡಗ ಐತೇನು ಯವ್ವಾ?"

"ತಡಿಯೋ," ಎನ್ನುತ್ತಿದ್ದಳು. "ಇನ್ನೊಮ್ಮೆ ನೋಡತೇನಿ."